ಮಕ್ಕಳಿಗೆ ಚದುರಂಗ : ಗೆಲುವಿಗೆ ಮೊದಲು ಕಲಿಸಬೇಕಾದ ಪಾಠ

ಚದುರಂಗವು ಬುದ್ಧಿಯ ಆಟವೆಂಬುದು ಎಲ್ಲರೂ ಒಪ್ಪಿದ ಮಾತು. ಮರಾಠಿಯಲ್ಲಂತೂ ಅದಕ್ಕೆ 'ಬುದ್ಧಿಬಳ' ಎಂದೇ ಹೆಸರು. ಆದರೆ ಈ ಹೆಸರೇ ಎಷ್ಟೋ ತಂದೆತಾಯಿಗಳ ದಾರಿ ತಪ್ಪಿಸಿದೆ. ಆಟ ಕಲಿತರೆ ಬುದ್ಧಿ ಬೆಳೆಯುತ್ತದೆ, ಬುದ್ಧಿ ಬೆಳೆದರೆ ಗಣಿತದ ಅಂಕಗಳು ಏರುತ್ತವೆ ಎಂದು ಲೆಕ್ಕ ಹಾಕಿ, ಮಗುವಿಗೆ ಟಾನಿಕ್ ಕುಡಿಸುವಂತೆ ಚದುರಂಗವನ್ನು ಕುಡಿಸಲು ಹೊರಡುವವರುಂಟು. ಬ್ಯಾಂಕಿನಲ್ಲಿ ದಿನವೂ ಲೆಕ್ಕವನ್ನೇ ನೋಡುವ ಈ ಲೇಖಕನೂ ಹಾಗೆ ಹೊರಟವರಲ್ಲಿ ಒಬ್ಬನು. ಆ ತಪ್ಪು ಲೆಕ್ಕದಿಂದ ನಮ್ಮ ಮನೆಯಲ್ಲಿ ಆದ ನಷ್ಟವನ್ನೂ, ಅನಂತರ ಸಾಸವಡದ ಮಕ್ಕಳಿಂದ ನಾನು ಕಲಿತುದನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ನೆಲದ ಆಟ

ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ. ಆ ಹೆಸರನ್ನು ಹೊತ್ತ ಆಟವು ಭಾರತದಿಂದ ಪರ್ಷಿಯಾಕ್ಕೂ, ಅರಬರ ಮೂಲಕ ಯುರೋಪಿಗೂ ಹೋಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದೇ ಕುದುರೆಯನ್ನು ನಡೆಸಿ 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿಸುವ ಕಠಿಣ ಸಮಸ್ಯೆಗಳನ್ನು ರಚಿಸಿದವರು. ಅದೇ ಮೈಸೂರಿನ ಎಂ. ಎಸ್. ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ನಾವಿರುವ ಪುಣೆಯ ಅಭಿಜಿತ್ ಕುಂಟೆಯವರು 2000ದಲ್ಲಿಯೇ ಆ ಪದವಿಗೇರಿದವರು. 2024ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ತಂಡಕ್ಕೆ ನಾಯಕರಾಗಿದ್ದವರು. ಅದೇ ವರ್ಷದ ಕೊನೆಯಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದುದನ್ನು ಕಂಡ ಮೇಲಂತೂ ಮನೆಮನೆಯಲ್ಲಿಯೂ ಮಕ್ಕಳ ಮುಂದೆ ಚದುರಂಗದ ಮಣೆ ಬಂದಿದೆ.

ಅಂಕಗಳ ಪ್ರಶ್ನೆ

ಶಾಲೆಗಳಲ್ಲಿ ಚದುರಂಗವನ್ನು ಕಲಿಸುವ ಪ್ರಯತ್ನ ಹೊಸತಲ್ಲ. ಆರ್ಮೇನಿಯಾ ದೇಶವು 2011ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಕಡ್ಡಾಯ ವಿಷಯವನ್ನಾಗಿ ಮಾಡಿತು. ತಮಿಳುನಾಡಿನಲ್ಲಿ 2013ರಲ್ಲಿ 7ರಿಂದ 17 ವರ್ಷದ ವಿದ್ಯಾರ್ಥಿಗಳಿಗೆ ಚದುರಂಗವನ್ನು ಹರಡುವ ಯೋಜನೆ ಬಂದಿತು. ಹಾಗಾದರೆ ಇದರಿಂದ ಗಣಿತದ ಅಂಕಗಳು ಏರುವುವೇ? ಇಂಗ್ಲೆಂಡಿನಲ್ಲಿ 100 ಶಾಲೆಗಳನ್ನು ಆರಿಸಿ, ಕೆಲವು ಶಾಲೆಗಳ 9–10 ವಯಸ್ಸಿನ ಮಕ್ಕಳಿಗೆ ಒಂದು ವರ್ಷ ಚದುರಂಗದ ಪಾಠ ಹೇಳಿಸಿ, ಉಳಿದವರಿಗೆ ಹೇಳಿಸದೆ, ಮರುವರ್ಷ ಎರಡೂ ಗುಂಪುಗಳ ಗಣಿತವನ್ನು ತೂಗಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ.

ಇದನ್ನು ಓದಿ ನಿರಾಶರಾಗಬೇಕಾದುದಿಲ್ಲ. ಸಂಗೀತ ಕಲಿತ ಮಗುವಿಗೆ ಭೂಗೋಳದಲ್ಲಿ ಹೆಚ್ಚು ಅಂಕ ಬರಲಿಲ್ಲವೆಂದು ಯಾರೂ ಸಂಗೀತವನ್ನು ಹಳಿಯುವುದಿಲ್ಲ. ಚದುರಂಗದಿಂದ ಬರುವ ಲಾಭವನ್ನು ಬೇರೊಂದು ಖಾತೆಗೆ ಜಮಾ ಮಾಡಬೇಕೆಂಬುದಷ್ಟೇ ಇದರ ತಾತ್ಪರ್ಯ. ಆ ಖಾತೆ ಯಾವುದೆಂಬುದು ನನಗೆ ತಿಳಿದುದು ತಡವಾಗಿ.

ಒಂದು ತಪ್ಪು ನಡೆ

ನನ್ನ ಮಗನಿಗೆ ಆಗ ಹನ್ನೊಂದು ವರ್ಷ. ಸಾಸವಡಕ್ಕೆ ವರ್ಗವಾಗಿ ಬಂದ ಹೊಸತು. ಪುಣೆಯ ಒಂದು ಪಂದ್ಯಾವಳಿಯಲ್ಲಿ ಅವನು ಏಳು ಆಟಗಳಲ್ಲಿ ನಾಲ್ಕನ್ನು ಸೋತನು. ಹಿಂದಿರುಗುವಾಗ ಬಸ್ಸು ದಿವೆ ಘಾಟನ್ನು ಏರುತ್ತಿದ್ದಷ್ಟು ಹೊತ್ತೂ ನಾನು ಅವನ ನಡೆಗಳನ್ನು ಲೆಕ್ಕ ತನಿಖೆಗೆ ಬಂದ ಅಧಿಕಾರಿಯಂತೆ ಒಂದೊಂದಾಗಿ ಪ್ರಶ್ನಿಸಿದೆನು. "ಆನೆಯನ್ನು ಯಾಕೆ ಬಿಟ್ಟುಕೊಟ್ಟೆ? ಕಣ್ಣಿಗೆ ಕಾಣಲಿಲ್ಲವೇ?" ಎಂದು ನಾಲ್ಕು ಜನರ ಮುಂದೆ ಕೇಳಿದೆನು. ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತನು. ಮನೆಗೆ ಬಂದು ಮಣೆಯನ್ನು ಕಪಾಟಿನ ಮೇಲಿಟ್ಟವನು ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಆಟದಲ್ಲಿ ಅವನು ಕಳೆದುಕೊಂಡುದು ಒಂದು ಆನೆ. ನಾನು ಕಳೆದುದು ಅವನ ಆಟವನ್ನೇ.

ಆ ಬಳಿಕ ಪರಿಚಿತರ ಶಾಲೆಯ ಒಂದು ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ ಊರ ಮಕ್ಕಳಿಗೆ ಆಟ ಹೇಳಿಕೊಡಲು ಕೆಲವರು ಸೇರಿ ತೊಡಗಿದೆವು. ಸಾಸವಡದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯವು. ಆದುದರಿಂದ ಬಂದವರಲ್ಲಿ ಮರಾಠಿ ಮಕ್ಕಳೇ ಹೆಚ್ಚು. ನಮ್ಮ ಒಂಟೆ ಅವರಿಗೆ 'ಉಂಟ', ನಮ್ಮ ಕುದುರೆ 'ಘೋಡಾ'. ಆನೆಯು 'ಹತ್ತಿ' ಆದುದನ್ನು ಕೇಳಿ ಕನ್ನಡದ ಮಕ್ಕಳು ಮೊದಲ ದಿನ ನಕ್ಕೇ ನಕ್ಕರು. ಎರಡನೆಯ ವಾರಕ್ಕೆ ಎರಡು ಭಾಷೆಗಳೂ ಮಣೆಯ ಮೇಲೆ ಕಲೆತುಹೋದವು.

ಒಂದು ಭಾನುವಾರ, ಅಂಜೂರದ ತೋಟದವರ ಎಂಟು ವರ್ಷದ ಹುಡುಗಿಯೊಬ್ಬಳು ಮಂತ್ರಿಯನ್ನು ಕಳೆದುಕೊಂಡು ಸೋತಳು. ನಾನು ಸಮಾಧಾನ ಹೇಳಹೊರಟಾಗ ಅವಳು, "ಕಾಕಾ, ಎಲ್ಲಿ ತಪ್ಪಿದೆನೆಂದು ಗೊತ್ತಾಯಿತು. ಇನ್ನೊಂದು ಆಟ ಆಡಲೇ?" ಎಂದು ಮರಾಠಿಯಲ್ಲಿ ಕೇಳಿದಳು. ನನಗೆ ಬುತ್ತಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಮಗ ಅವಳೆದುರು ಹೋಗಿ ಕುಳಿತನು. ಆ ದಿನ ನಾನು ಬಾಯಿ ತೆರೆಯಲಿಲ್ಲ. ಚದುರಂಗದ ಲಾಭದ ಖಾತೆ ನನಗೆ ಕಂಡುದು ಅಲ್ಲಿ: ನಡೆಯುವ ಮುನ್ನ ನಿಂತು ಯೋಚಿಸುವುದು, ನಡೆದ ಮೇಲೆ ತಪ್ಪನ್ನು ತನ್ನದೆಂದು ಒಪ್ಪುವುದು, ಒಪ್ಪಿದ ಮೇಲೆ ಮತ್ತೆ ಕಾಯಿಗಳನ್ನು ಜೋಡಿಸುವುದು.

ಕಲಿಸುವ ಕ್ರಮ

1. ಮೊದಲ ದಿನವೇ 32 ಕಾಯಿಗಳನ್ನು ಹರಡಬಾರದು. ಎಂಟೆಂಟು ಪದಾತಿಗಳನ್ನು ಮಾತ್ರ ಇಟ್ಟು, ಯಾರ ಪದಾತಿ ಮೊದಲು ಆಚೆಯ ಕೊನೆಯ ಸಾಲನ್ನು ಮುಟ್ಟುವುದೋ ಅವರು ಗೆದ್ದರೆಂದು ಆಡಿಸಬೇಕು. ಕಾಲು ಗಂಟೆಯಲ್ಲಿ ಮಗು ಒಂದು ಪೂರ್ತಿ ಆಟವನ್ನು ಆಡಿರುತ್ತದೆ.

2. ಅನಂತರ ವಾರಕ್ಕೊಂದು ಕಾಯಿಯನ್ನು ಸೇರಿಸುತ್ತ ಹೋಗಬೇಕು. ಕುದುರೆಯನ್ನು ನಡುವಿನ ಮನೆಯಲ್ಲಿಟ್ಟರೆ ಎಂಟು ಮನೆಗಳಿಗೆ ನೆಗೆಯಬಲ್ಲದು, ಮೂಲೆಯಲ್ಲಿಟ್ಟರೆ ಎರಡಕ್ಕೆ ಮಾತ್ರ. ಇದನ್ನು ನಾವು ಹೇಳದೆ ಮಗುವೇ ಎಣಿಸಿ ಕಂಡುಕೊಳ್ಳಲಿ.

3. ಪದಾತಿಗೆ ಒಂದು, ಕುದುರೆ ಒಂಟೆಗಳಿಗೆ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂಬ ಬೆಲೆಯನ್ನು ಹೇಳಬಹುದು. ಆದರೆ ಎಲ್ಲ ಬೆಲೆಯೂ ಕಾಯಿ ನಿಂತ ಸ್ಥಳದ ಮೇಲಿದೆಯೆಂಬುದನ್ನೂ, ರಾಜನಿಗೆ ಬೆಲೆ ಕಟ್ಟಲಾಗದೆಂಬುದನ್ನೂ ಜೊತೆಗೇ ಹೇಳಬೇಕು.

4. ನಡೆಗಳನ್ನು ಬರೆದಿಡುವ ಅಭ್ಯಾಸ ಬೇಗನೆ ಆಗಲಿ. ಅದು ಆಟದ ಕೀರ್ದಿ ಪುಸ್ತಕ. ಬರೆದಿಟ್ಟ ಆಟದಲ್ಲಿ ತಪ್ಪು ಎಲ್ಲಿದೆಯೆಂಬುದನ್ನು ಮಗುವೇ ಹುಡುಕಬಲ್ಲದು. ದೊಡ್ಡವರು ಬೆರಳಿಟ್ಟು ತೋರಿಸಬೇಕಾದುದಿಲ್ಲ.

5. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮವನ್ನು ಸಡಿಲಿಸಬಾರದು. ಕೈ ನೀಡುವ ಮುನ್ನ "ಎದುರಾಳಿ ಈಗ ಏನು ಮಾಡಬಲ್ಲ?" ಎಂದು ತನ್ನಲ್ಲೇ ಕೇಳಿಕೊಳ್ಳುವ ಅಭ್ಯಾಸಕ್ಕೆ ಇದೇ ಬುನಾದಿ. ಆಟದ ಮೊದಲೂ ಕೊನೆಯೂ ಕೈ ಕುಲುಕಲಿ.

ಆರೋಗ್ಯದ ದೃಷ್ಟಿಯಿಂದ

ಚದುರಂಗ ಕುಳಿತು ಆಡುವ ಆಟ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಚದುರಂಗದ ವೇಳೆಯನ್ನು ಓಟ, ಕಬಡ್ಡಿಗಳ ವೇಳೆಯಿಂದ ಕಡಿಯಬಾರದು. ದೂರದರ್ಶನ, ಮೊಬೈಲುಗಳ ವೇಳೆಯಿಂದ ಕಡಿಯಬೇಕು. ಮೊಬೈಲಿನಲ್ಲಿ ಆಡುವ ಚದುರಂಗವೂ ಮೊಬೈಲೇ ಎಂಬುದನ್ನು ಮರೆಯಬಾರದು. ಚಿಕ್ಕವರಿಗೆ ಮುಕ್ಕಾಲು ಗಂಟೆಯ ಪಾಠ ಸಾಕು. ನಡುವೆ ಎದ್ದು ನಿಂತು, ಮೈ ಮುರಿದು, ಕಿಟಕಿಯಾಚೆ ದೂರದ ಮರವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಲಿ. ಸಾಸವಡದ ನಮ್ಮ ಮಕ್ಕಳಿಗೆ ಪುರಂದರ ಗಡದ ಬೆಟ್ಟಗಳಿವೆ. ಪಂದ್ಯದ ದಿನ ಕುಡಿಯಲು ನೀರು, ಮನೆಯ ತಿಂಡಿ, ಹಿಂದಿನ ರಾತ್ರಿಯ ತುಂಬು ನಿದ್ರೆ ಇವು ಹೊಸ ಆರಂಭಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮೇಲು. ಪಂದ್ಯವೆಂದರೆ ಮಗುವಿಗೆ ಹೊಟ್ಟೆನೋವು ಬರುತ್ತಿದ್ದರೆ, ನಿದ್ರೆ ಕೆಡುತ್ತಿದ್ದರೆ, ಕೆಲವು ದಿನ ಪಂದ್ಯವನ್ನು ನಿಲ್ಲಿಸಿ ಮನೆಯಲ್ಲಿ ವಿನೋದಕ್ಕಾಗಿ ಆಡಬೇಕು. ತೊಂದರೆ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು.

ಕೊನೆಯ ಮಾತು

ಇಂಥ ತರಗತಿಗೆ ಬೇಕಾದುದು ಬಹಳವಲ್ಲ: ಹತ್ತು ಮಣೆಗಳು, ಬೆಳಕಿರುವ ಒಂದು ಕೋಣೆ, ವಾರಕ್ಕೊಂದು ಗಂಟೆ, ಮಗು ಯೋಚಿಸುತ್ತಿರುವಾಗ ಮೌನವಾಗಿರಬಲ್ಲ ಒಬ್ಬ ಹಿರಿಯ. ಮೊದಲಿನ ಮೂರು ಸುಲಭವಾಗಿ ದೊರೆಯುತ್ತವೆ. ನಾಲ್ಕನೆಯದಕ್ಕೆ ನಾವೇ ಅಭ್ಯಾಸ ಮಾಡಬೇಕು. ನಮ್ಮ ಮಕ್ಕಳಲ್ಲಿ ಗ್ರ್ಯಾಂಡ್ ಮಾಸ್ಟರ್ ಆಗುವವರು ಎಲ್ಲೋ ಒಬ್ಬರು. ಆದರೆ ಸೋತು ಎದ್ದು ಕಾಯಿಗಳನ್ನು ಮತ್ತೆ ಜೋಡಿಸಬೇಕಾದ ದಿನ ಪ್ರತಿಯೊಬ್ಬರ ಬಾಳಿನಲ್ಲಿಯೂ ಬರುತ್ತದೆ. ಆ ದಿನಕ್ಕೆ ಬೇಕಾದ ಅಭ್ಯಾಸವನ್ನು 64 ಮನೆಗಳ ಈ ಚಿಕ್ಕ ಅಂಗಳದಲ್ಲಿ, ಯಾರಿಗೂ ನೋವಾಗದಂತೆ ಮಾಡಿಸಿದರೆ ನಾವು ಕಲಿಸಿದುದು ಸಾರ್ಥಕ.