ಅಪಾಸ್ಟಿಲ್: ವಿದೇಶಕ್ಕೆ ಹೊರಟ ದಾಖಲೆಗಳ ದೃಢೀಕರಣ

ಜನನ ಪ್ರಮಾಣಪತ್ರ, ಅಂಕಪಟ್ಟಿ, ವಿವಾಹ ನೋಂದಣಿ ಪತ್ರಗಳನ್ನು ಇನ್ನೊಂದು ದೇಶ ಒಪ್ಪಬೇಕಾದರೆ ಹಿಂದೆ ಸ್ವದೇಶದ ಹಲವು ಇಲಾಖೆಗಳ ಮೊಹರು, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕಿತ್ತು. ಅಪಾಸ್ಟಿಲ್ ಎಂಬ ಒಂದೇ ದೃಢೀಕರಣ ಪತ್ರದ ಮೂಲಕ ಈ ಸರಪಳಿಯನ್ನು ತುಂಡರಿಸಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ. ಜಾರಿಗೆ ಬಂದದ್ದು 1965ರಲ್ಲಿ. ಭಾರತದಲ್ಲಿ ಜಾರಿಯಾದದ್ದು 2005ರ ಜುಲೈ 14ರಂದು. ಈ ದಿನಾಂಕ ನೆನಪಿಡಿ.

ಭಾರತದಲ್ಲಿ ಅಪಾಸ್ಟಿಲ್ ನೀಡುವುದು ವಿದೇಶಾಂಗ ಸಚಿವಾಲಯ. ಅದಕ್ಕೂ ಮೊದಲು ಸಾಮಾನ್ಯವಾಗಿ ರಾಜ್ಯ ಮಟ್ಟದ ದೃಢೀಕರಣ ಆಗಬೇಕು. ವಾಣಿಜ್ಯ ದಾಖಲೆಗಳಿಗೆ ವಾಣಿಜ್ಯ ಮಂಡಳಿಯ ದೃಢೀಕರಣ. ಪತ್ರದ ನಮೂನೆ ಎಲ್ಲ ಸದಸ್ಯ ದೇಶಗಳಿಗೂ ಒಂದೇ: ಪ್ರತಿ ಬದಿ ಕನಿಷ್ಠ 9 ಸೆಂ.ಮೀ. ಇರುವ ಚೌಕ, 10 ಅಂಕಣ, ಫ್ರೆಂಚ್ ಭಾಷೆಯ ಶೀರ್ಷಿಕೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಹೆಚ್ಚು ಎಡವುವ ಅಂಶ ಇಲ್ಲಿದೆ. ಅಪಾಸ್ಟಿಲ್ ದೃಢಪಡಿಸುವುದು ಸಹಿ, ಸಹಿ ಹಾಕಿದವರ ಅಧಿಕಾರ ಮತ್ತು ಮುದ್ರೆಯನ್ನು ಮಾತ್ರ. ದಾಖಲೆಯಲ್ಲಿ ಬರೆದ ವಿಷಯ ನಿಜವೆಂದು ಅದು ಹೇಳುವುದಿಲ್ಲ. ರಾಜತಾಂತ್ರಿಕ ಅಧಿಕಾರಿಗಳು ನೀಡಿದ ದಾಖಲೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಸೌದಿ ಅರೇಬಿಯಾದಲ್ಲಿ 2022ರಲ್ಲಿ, ಚೀನಾದಲ್ಲಿ 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು ಒಪ್ಪಂದ ಜಾರಿಯಾಯಿತು. ಹಳೆಯ ಗೈಡುಗಳಲ್ಲಿ ಇವು ಸದಸ್ಯೇತರ ದೇಶಗಳೆಂದೇ ಇರಬಹುದು, ತಿದ್ದಿಕೊಳ್ಳಿ. ಸದಸ್ಯರಲ್ಲದ ದೇಶಗಳಿಗೆ ಹೋಗುವ ದಾಖಲೆಗಳಿಗೆ ಇಂದಿಗೂ ರಾಯಭಾರ ಕಚೇರಿಯ ಮುದ್ರೆ ಬೇಕು.