ಹಣ್ಣಿನ ನೊಣದ ಕುಲನಾಮ

ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು ನಾವೆಲ್ಲರೂ ಕಂಡಿರುವೆವು. ಅವುಗಳ ಕುಲಕ್ಕೆ 1823ರಲ್ಲಿ ಸ್ವೀಡನ್ ದೇಶದ ಫಾಲೆನ್ ಎಂಬ ಪಂಡಿತನು ಡ್ರಾಸೊಫಿಲ ಎಂದು ಹೆಸರಿಟ್ಟನು. ಇಬ್ಬನಿಯನ್ನು ಪ್ರೀತಿಸುವುದು ಎಂದು ಅದರ ಅರ್ಥ. ಈ ಕುಲದ ಮೆಲನೊಗ್ಯಾಸ್ಟರ್ ಎಂಬ ಪ್ರಭೇದವನ್ನು 1830ರಲ್ಲಿ ಜರ್ಮನಿಯ ಮೈಗೆನ್ ವರ್ಣಿಸಿದನು. ಇದನ್ನೇ ಸಾಕಿ ಪರೀಕ್ಷಿಸಿ ಅನುವಂಶೀಯತೆಯ ಮರ್ಮವನ್ನು ತಿಳಿಸಿದ ಅಮೆರಿಕದ ಮಾರ್ಗನ್ ಮಹಾಶಯನು 1933ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಪ್ರತಿಯೊಂದು ಕುಲನಾಮವೂ ಒಂದು ಮಾದರಿ ಪ್ರಭೇದಕ್ಕೆ ಕಟ್ಟುಬಿದ್ದಿರುವುದು. ಇಲ್ಲಿ ಆ ಸ್ಥಾನವು ಫ್ಯುನೆಬ್ರಿಸ್ ಎಂಬ ಬೇರೊಂದು ನೊಣಕ್ಕೆ ಸೇರಿದುದು. 1939ರಲ್ಲಿ ಸ್ಟರ್ಟೆವಂಟನು ಮೆಲನೊಗ್ಯಾಸ್ಟರ್ ಮುಂತಾದವನ್ನು ಸೊಫೊಫೊರ ಎಂಬ ಉಪಕುಲದಲ್ಲಿ ಬೇರೆಯಾಗಿಟ್ಟನು. ತರುವಾಯ ವಂಶವಾಹಿಗಳನ್ನು ಹೋಲಿಸಿ ನೋಡಲು, ಸ್ಕ್ಯಾಪ್ಟೊಮೈಜ ಮೊದಲಾದ ಅನ್ಯ ಕುಲಗಳೇ ಮೆಲನೊಗ್ಯಾಸ್ಟರಿಗಿಂತ ಫ್ಯುನೆಬ್ರಿಸ್‌ಗೆ ಹತ್ತಿರದ ಬಂಧುಗಳೆಂದು ಕಂಡುಬಂದಿತು. ಬಂಧುತ್ವದಂತೆ ಕುಲವನ್ನು ಒಡೆದರೆ, ಹೆಸರು ಫ್ಯುನೆಬ್ರಿಸ್ ಇರುವ ಪಾಲಿಗೆ ಉಳಿಯುವುದು. ಲೋಕಪ್ರಸಿದ್ಧವಾದ ನೊಣವೇ ಅದನ್ನು ಕಳೆದುಕೊಳ್ಳಬೇಕಾಗುವುದು! ಆದುದರಿಂದ ಮೆಲನೊಗ್ಯಾಸ್ಟರನ್ನೇ ಮಾದರಿಯಾಗಿ ಮಾಡಬೇಕೆಂದು ಕೆಲವು ಪಂಡಿತರು ಬಿನ್ನವಿಸಿದರು. ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗವು 2010ರಲ್ಲಿ ಅದನ್ನು ನಿರಾಕರಿಸಿತು. ಕುಲವನ್ನು ಒಡೆಯುವುದು ಸರ್ವಸಮ್ಮತವಾಗದ ಕಾರಣ ಹಳೆಯ ಹೆಸರೇ ಬಳಕೆಯಲ್ಲಿರುವುದು.

ನಮ್ಮ ಬಾಲಿಕೆಯರು ಶಾಸ್ತ್ರದ ಹೆಸರುಗಳನ್ನು ಬಾಯಿಪಾಠ ಮಾಡುವುದರೊಡನೆ, ಅವುಗಳ ಹಿಂದಿರುವ ಬಂಧುತ್ವವನ್ನೂ ವಿಚಾರಿಸಲೆಂದು ಆಶಿಸುತ್ತೇವೆ.