ಮೊಳದುದ್ದ ಕೊಳೆತ ತೊಲೆಗೆ ಮನೆಯನ್ನೇ ಕೆಡವಬೇಕೆ?

ಕೋಲಾರ ಜಿಲ್ಲೆಯ ಕಾಮಸಮುದ್ರದ ನಮ್ಮ ಹಳೇ ಹೆಂಚಿನ ಮನೆ ನೋಡಲು ಬಂದ ಕಂಟ್ರಾಕ್ಟರ್ ಒಬ್ಬರು ತಲೆ ಎತ್ತಿ ಒಂದು ಸಲ ನೋಡಿ, "ಎಲ್ಲ ಇಳಿಸಿ ಮೋಲ್ಡ್ ಹಾಕ್ಬಿಡೋಣ. ಹಳೇ ಮರ ನಾನೇ ತಗೊಂಡು ಕೂಲೀಲಿ ವಜಾ ಮಾಡ್ತೀನಿ" ಎಂದರು. ಹೊನ್ನೆ, ತೇಗದ ಹಳೇ ತೊಲೆಗಳಿಗೆ ಎಂಥ ಗಿರಾಕಿ ಇದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಮರದ ಬೆಲೆ ಬೇರೆ, ಕೂಲಿ ಬೇರೆ ಎಂದು ಬರೆಸಿಕೊಳ್ಳದೆ ಇಂಥ ಮಾತಿಗೆ ಹೂಂ ಅನ್ನಬೇಡಿ.

ಆಮೇಲೆ ಬಂದ ಆಚಾರಿ ಏಣಿ ಹತ್ತಿ, ಸ್ಕ್ರೂಡ್ರೈವರಿನಿಂದ ತೊಲೆಯನ್ನು ಗೇಣಿಗೊಂದು ಕಡೆ ತಿವಿಯುತ್ತಾ ಹೋದರು. ನಡುವೆಲ್ಲೂ ಮೊನೆ ಇಳಿಯಲಿಲ್ಲ. ಗೋಡೆಯೊಳಗೆ ಕೂತ ತುದಿಯಲ್ಲಿ ಮಾತ್ರ ಹಿಡಿಯವರೆಗೂ ಹೋಯಿತು. ಎಳೆದರೆ ಕಾಫಿಪುಡಿಯಂಥ ಹುಡಿ ಉದುರಿತು. ಗೆದ್ದಲಿನ ಮಣ್ಣಿನ ಹಾದಿ ಎಲ್ಲೂ ಇರಲಿಲ್ಲ. "ಸಾರ್, ತೊಲೆ ಗಟ್ಟಿಯಾಗೈತೆ, ಮೊಳದುದ್ದ ಲಡ್ಡಾಗೈತೆ ಅಷ್ಟೆ. ಮೊದಲು ಮೇಲಿನ ಹೆಂಚು ನೋಡಿ" ಎಂದರು. ಸರಿಯಾಗಿ ಆ ತುದಿಯ ಮೇಲೇ ಹೆಂಚು ಒಡೆದಿತ್ತು.

ಮರ ಕೊಳೆಸುವ ಶಿಲೀಂಧ್ರಕ್ಕೆ ನೀರು ಬೇಕೇ ಬೇಕು. ಮರದ ತೇವ ಶೇ. 20ರೊಳಗಿದ್ದರೆ ಅದು ಬೆಳೆಯದು. ನಮ್ಮ ಕಡೆ ಹಿಂಗಾರಿನ ಜಡಿಮಳೆ ಮಣ್ಣಿನ ಗೋಡೆಗಿಳಿದರೆ ಗಾಳಿಯಾಡದ ತೊಲೆಯ ತುದಿಯಲ್ಲೇ ನಿಲ್ಲುತ್ತದೆ. 2021ರ ನವೆಂಬರಿನ ಮಳೆಯನ್ನು ಕೋಲಾರ ಜಿಲ್ಲೆಯವರು ಯಾರೂ ಮರೆತಿಲ್ಲ. ಹೆಂಚು ಸರಿಮಾಡದೆ ಹೊಸ ತೊಲೆ ಹಾಕಿದರೆ ದುಡ್ಡು ನೀರಿಗೇ ಹೋಯಿತು.

ಸರ್ವೆ ಕಂಬದ ಆಸರೆ ಕೊಟ್ಟು, ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಎರಡೂ ಮಗ್ಗುಲಿಗೆ ಕಬ್ಬಿಣದ ಚಾನೆಲ್ ಇಟ್ಟು ಬೋಲ್ಟು ಬಿಗಿದರು. ಚಾನೆಲ್ಲಿನ ತುದಿ ಗೋಡೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ಕೂತಿತು. ಚಾನೆಲ್, ಬೋಲ್ಟಿನ ಅಳತೆ ಹೇಳಿದ್ದು ಎಂಜಿನಿಯರ್. ಆ ಫೀಸಿನಲ್ಲಿ ಚೌಕಾಸಿ ಮಾಡಲಿಲ್ಲ. ಲೆಕ್ಕ ಬರೆದಾಗ ಕಬ್ಬಿಣದ ಪಾಲು ಸಣ್ಣದು, ಹೆಂಚು ಇಳಿಸಿ ಮತ್ತೆ ಹೊದಿಸುವ ಕೂಲಿಯೇ ದೊಡ್ಡದು. ಹಾಗಾಗಿ ಸೂರು ಬಿಚ್ಚಿದ್ದಾಗಲೇ ಜಂತೆ, ರೀಪುಗಳನ್ನೆಲ್ಲ ತಿವಿಸಿ ನೋಡಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಬಳಿಸಿದೆ. ಅದು ಮಳೆಗೆ ತೊಳೆದುಹೋಗುತ್ತದೆ, ನೆನೆಯದ ಮರಕ್ಕಷ್ಟೇ ಸರಿ.

ಇಂಥ ರಿಪೇರಿಯ ಖರ್ಚಿಗೆ ವಿಮೆ ನೆಚ್ಚಿಕೊಳ್ಳಬೇಡಿ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬಿರುಗಾಳಿ, ಪ್ರವಾಹದ ಹಾನಿಗೆ ಕೊಡುತ್ತದೆ. ವರ್ಷಗಟ್ಟಲೆ ನಿಧಾನಕ್ಕೆ ಕೊಳೆತದ್ದಕ್ಕೆ ಕೊಡುವುದಿಲ್ಲ. ಬ್ಯಾಂಕಿನ ರಿಪೇರಿ ಸಾಲಕ್ಕೆ ಇ-ಸ್ವತ್ತು ಬೇಕು. ಖಾತೆ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ಪಂಚಾಯಿತಿಗೆ ಅಲೆಯಿರಿ. ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಉಂಟು, ಹೊಸದರಲ್ಲಿ ಅದೂ ಇಲ್ಲ. ಒಡವೆ ಸಾಲ ಬೇಗ ಸಿಗುತ್ತದೆ ನಿಜ. ಆದರೆ ಟೊಮೆಟೊ ರೇಟು ನಂಬಿಕೊಂಡು ಒಡವೆ ಅಡ ಇಟ್ಟವರ ಪಾಡು ನಮ್ಮೂರಿನಲ್ಲಿ ಕಂಡಿದ್ದೇನೆ. ನಾನು ಆರ್‌ಡಿ ಮುರಿಸಿದೆ.

ಆಚಾರಿಯ ಕೊನೇ ಕಂತನ್ನು ಮಾತ್ರ ಮೊದಲ ದೊಡ್ಡ ಮಳೆ ಬಿದ್ದು, ಒಳಗೆ ಸೋರಲಿಲ್ಲವೆಂದು ಖಾತ್ರಿಯಾದ ಮೇಲೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಅವರೇ ಮಳೆ ನಿಂತ ಮಾರನೇ ದಿನ ಬಂದು, ಗೋಡೆ ಮುಟ್ಟಿ ನೋಡಿ, ದುಡ್ಡು ಇಸಿದುಕೊಂಡು ಹೋದರು.